ಬಂಡೆಯ ಬಿರುಕು, ಎಲುಬಿನ ಕವಚ: ಆಫ್ರಿಕದ ಕಾರ್ಡಿಲಿಡೆ ಹಲ್ಲಿಗಳು

ಕಾರ್ಡಿಲಿಡೆ ಎಂಬುದು ಆಫ್ರಿಕ ಖಂಡದ ದಕ್ಷಿಣ ಮತ್ತು ಪೂರ್ವ ಭಾಗಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ನೆಲೆಯಿಲ್ಲದ ಹಲ್ಲಿಗಳ ಕುಟುಂಬ. ಉತ್ತರಕ್ಕೆ ಇಥಿಯೋಪಿಯದ ದಕ್ಷಿಣ ಅಂಚು, ಪಶ್ಚಿಮಕ್ಕೆ ಅಂಗೋಲ, ದಕ್ಷಿಣಕ್ಕೆ ಕೇಪ್ ಕರಾವಳಿ ಇದರ ಎಲ್ಲೆಗಳು. ಈವರೆಗೆ ಗುರುತಿಸಿರುವ ಸುಮಾರು 70 ಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ದಕ್ಷಿಣ ಆಫ್ರಿಕ ಎಂಬ ಒಂದೇ ದೇಶದಲ್ಲಿವೆ. ಮೈಮೇಲೆ ಎಲುಬಿನ ಬಿಲ್ಲೆಗಳ ಕವಚ, ಬಾಲಕ್ಕೆ ಸುತ್ತುಸುತ್ತಾಗಿ ಮುಳ್ಳಿನ ಪಟ್ಟಿಗಳು, ಚಪ್ಪಟೆಯಾದ ಮುಕ್ಕೋನ ತಲೆ: ಕುಟುಂಬದ ಬಹುಪಾಲು ಸದಸ್ಯರ ಗುರುತು ಇದು. ಆದರೆ ಈ ಕವಚವನ್ನು ಅದು ಬೆಳೆದುಬಂದ ನೆಲದಿಂದ ಬೇರ್ಪಡಿಸಿ ನೋಡಿದರೆ ಅರ್ಥವಾಗುವುದಿಲ್ಲ. ಬಂಡೆಯ ಬಿರುಕು, ಹುಲ್ಲಿನ ಬಯಲು, ಸತ್ತ ಮರದ ತೊಗಟೆ, ಹೀಗೆ ಬೀಡು ಬದಲಾದಂತೆಲ್ಲ ಕವಚವೂ ಬದಲಾಗಿದೆ. ಕೆಲವೆಡೆ ಕಳಚಿಯೂ ಹೋಗಿದೆ. ಈ ಹಲ್ಲಿಗಳ ಕಥೆಯೆಂದರೆ ಅವುಗಳ ಬೀಡಿನ ಕಥೆಯೇ.

ಕವಚದ ರಚನೆಯನ್ನು ಮೊದಲು ಗಮನಿಸಬೇಕು. ಹಲ್ಲಿಯ ಹೊರಮೈಯಲ್ಲಿ ಕಾಣುವ ಹುರುಪೆ ಕೊಂಬು, ಉಗುರುಗಳಂತೆ ಕೆರಾಟಿನ್ನಿಂದ ಆದದ್ದು. ಕಾರ್ಡಿಲಿಡೆ ಹಲ್ಲಿಗಳಲ್ಲಿ ಆ ಹುರುಪೆಗಳ ಅಡಿಯಲ್ಲಿ, ಚರ್ಮದೊಳಗೇ ಹುಟ್ಟಿದ ಎಲುಬಿನ ಬಿಲ್ಲೆಗಳಿರುತ್ತವೆ. ಇವು ಅಸ್ಥಿಪಂಜರಕ್ಕೆ ಸೇರಿದವಲ್ಲ. ಚರ್ಮಕ್ಕೆ ಸೇರಿದ ಎಲುಬುಗಳು. ಬೆನ್ನಿನ ಮೇಲೆ ಅವು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಒಂದು ಬರುವ ಹಾಗೆ ಸಾಲುಗಟ್ಟಿವೆ. ತಲೆಯ ಮೇಲಂತೂ ಚರ್ಮದ ಎಲುಬು ತಲೆಬುರುಡೆಗೇ ಬೆಸೆದುಕೊಂಡು ಗಟ್ಟಿಯಾದ ಒಂದೇ ಫಲಕವಾಗಿಬಿಟ್ಟಿದೆ. ಬಾಲದಲ್ಲಿ ಪ್ರತಿ ಸುತ್ತಿನ ಹುರುಪೆಗಳೂ ಹಿಂದಕ್ಕೆ ಚಾಚಿ ಮುಳ್ಳುಗಳಾಗಿವೆ. ಹೊಟ್ಟೆಯ ಭಾಗ ಮಾತ್ರ ಮೆತ್ತಗೆ; ಅಲ್ಲಿನ ಹುರುಪೆಗಳು ಅಗಲ, ನಯ, ತೆಳು. ಹಲ್ಲಿಯ ರಕ್ಷಣೆಯ ಉಪಾಯಗಳೆಲ್ಲ ಈ ಹೊಟ್ಟೆಯನ್ನು ಮರೆಮಾಡುವುದರ ಸುತ್ತಲೇ ಹೆಣೆದುಕೊಂಡಿವೆ.

ಅಪಾಯ ಕಂಡೊಡನೆ ಬಿರುಕಿಗೆ ನುಗ್ಗುವುದು ಬಹುತೇಕ ಪ್ರಭೇದಗಳ ಮೊದಲ ಉಪಾಯ. ಒಳಹೊಕ್ಕ ಹಲ್ಲಿ ಗಾಳಿ ತುಂಬಿಕೊಂಡು ಮೈ ಉಬ್ಬಿಸುತ್ತದೆ. ಬೆನ್ನಿನ ಹುರುಪೆಗಳು ಬಿರುಕಿನ ಮೇಲ್ಭಾಗಕ್ಕೆ, ಹೊಟ್ಟೆ ತಳಕ್ಕೆ ಒತ್ತಿಕೊಳ್ಳುತ್ತವೆ. ಮುಳ್ಳಿನ ಬಾಲ ಬಿರುಕಿನ ಬಾಯಿಗೆ ಅಡ್ಡವಾಗುತ್ತದೆ. ಹಾವಾಗಲಿ ಮುಂಗುಸಿಯಾಗಲಿ ಹಿಡಿದೆಳೆದರೆ ಹಿಂದಕ್ಕೆ ಚಾಚಿದ ಮುಳ್ಳುಗಳು ಕಲ್ಲಿಗೆ ಕಚ್ಚಿಕೊಂಡು ಬಿಡಿಸಲು ಬಾರದ ಹಾಗೆ ಆಗುತ್ತದೆ. ಕವಚವೊಂದೇ ಆಗಲಿ ಬಿರುಕೊಂದೇ ಆಗಲಿ ಇಲ್ಲಿ ಸಾಲದು. ಎರಡೂ ಸೇರಿದಾಗಲೇ ರಕ್ಷಣೆ ಪೂರ್ಣವಾಗುತ್ತದೆ. ಎಲುಬು ಭಾರವಾದ ವಸ್ತು, ಅದನ್ನು ಕಟ್ಟಲು ಸುಣ್ಣದಂಶ ಬೇಕು, ಹೊತ್ತು ಓಡಲು ಶಕ್ತಿ ಬೇಕು. ದಪ್ಪ ಕವಚದ ಪ್ರಭೇದಗಳು ನಿಧಾನ ಓಟಗಾರರು. ತೆಳು ಕವಚದವು ಚುರುಕು. ಬೇಟೆಯ ಕ್ರಮವೂ ಇದಕ್ಕೆ ಹೊಂದಿಕೊಂಡಿದೆ. ಕಾರ್ಡಿಲಿಡೆ ಹಲ್ಲಿಗಳು ಅಲೆದಾಡಿ ಆಹಾರ ಹುಡುಕುವವಲ್ಲ. ಬಿರುಕಿನ ಬಾಯಲ್ಲಿ ಬಿಸಿಲು ಕಾಯುತ್ತ ಕುಳಿತು, ಕೈಗೆಟುಕುವಷ್ಟು ಹತ್ತಿರ ಬಂದ ಜೀರುಂಡೆ, ಮಿಡತೆ, ಜೇಡಗಳನ್ನು ಹಿಡಿದು ಮರಳಿ ಅದೇ ಜಾಗಕ್ಕೆ ಬರುತ್ತವೆ.

ಈ ಕುಟುಂಬದ ಮೊದಲ ವೈಜ್ಞಾನಿಕ ದಾಖಲೆ ಆಧುನಿಕ ವರ್ಗೀಕರಣದಷ್ಟೇ ಹಳೆಯದು. ಕೇಪ್ ಪ್ರಾಂತದ ಸಾಮಾನ್ಯ ಪ್ರಭೇದವನ್ನು ಲಿನೇಯಸ್ 1758ರಲ್ಲಿ ಲ್ಯಾಸರ್ಟಾ ಕಾರ್ಡಿಲಸ್ ಎಂದು ದಾಖಲಿಸಿದ. ಹತ್ತು ವರ್ಷಗಳ ಬಳಿಕ, 1768ರಲ್ಲಿ, ಲಾರೆಂಟಿ ಅದಕ್ಕೆ ಕಾರ್ಡಿಲಸ್ ಎಂಬ ಪ್ರತ್ಯೇಕ ಜಾತಿಯನ್ನು ಕಲ್ಪಿಸಿದ. ಬಹುಕಾಲ ಈ ಕುಟುಂಬವನ್ನು ನಾಲ್ಕು ಜಾತಿಗಳಲ್ಲಿ ಹಂಚಲಾಗಿತ್ತು: ಕಾರ್ಡಿಲಸ್, ಸೂಡೋಕಾರ್ಡಿಲಸ್, ಕಮೀಸಾರ, ಪ್ಲಾಟಿಸಾರಸ್. 2011ರಲ್ಲಿ ಎಡ್ವರ್ಡ್ ಸ್ಟ್ಯಾನ್ಲಿ, ಆರನ್ ಬಾವರ್, ಟಾಡ್ ಜ್ಯಾಕ್‌ಮನ್, ವಿಲಿಯಂ ಬ್ರಾಂಚ್ ಮತ್ತು ಲೆ ಫ್ರಾಸ್ ಮೌಟನ್ ಡಿಎನ್‌ಎ ಆಧಾರದ ಮೇಲೆ ವಂಶವೃಕ್ಷವನ್ನು ಮತ್ತೆ ಬರೆದರು. ಕಾರ್ಡಿಲಸ್ ಎಂದು ಒಟ್ಟಿಗೆ ಸೇರಿಸಿದ್ದ ಹಲ್ಲಿಗಳು ಒಂದೇ ಕವಲಿನವಲ್ಲ ಎಂಬುದು ಆಗ ಸ್ಪಷ್ಟವಾಯಿತು. ಇಂದು ಒಪ್ಪಿರುವ ಜಾತಿಗಳು ಹತ್ತು. ಹಳೆಯ ನಾಲ್ಕರ ಜೊತೆಗೆ ಹೆಮಿಕಾರ್ಡಿಲಸ್, ಕರೂಸಸಾರಸ್, ನಮಜೋನ್ಯೂರಸ್, ನಿನುರ್ಟ, ಊರೊಬೋರಸ್ ಮತ್ತು ಸ್ಮಾಗ್ ಸೇರಿವೆ. ಆ ಅಧ್ಯಯನದ ಇನ್ನೊಂದು ಫಲಿತಾಂಶ ಹೆಚ್ಚು ಮುಖ್ಯ. ಪ್ಲಾಟಿಸಾರಸ್ ಎಲ್ಲಕ್ಕಿಂತ ಮೊದಲೇ ಕವಲೊಡೆದ ಶಾಖೆ. ಉಳಿದ ಒಂಬತ್ತು ಜಾತಿಗಳ ಕವಲುಗಳು ಬಲು ಕಡಿಮೆ ಅವಧಿಯಲ್ಲಿ, ಒಂದರ ಬೆನ್ನಿಗೊಂದು ಹೊರಟಿವೆ. ಪ್ಲಾಟಿಸಾರಸ್ ಮೊಟ್ಟೆಯಿಡುತ್ತದೆ, ಉಳಿದವೆಲ್ಲ ಮರಿ ಹಾಕುತ್ತವೆ.

ಕಾರ್ಡಿಲಿಡೆಗೆ ತೀರ ಹತ್ತಿರದ ಬಂಧು ಗೆರೊಸಾರಿಡೆ ಕುಟುಂಬ. ಅದು ಆಫ್ರಿಕದ ಜೊತೆಗೆ ಮಡಗಾಸ್ಕರ್ ದ್ವೀಪದಲ್ಲೂ ಇದೆ. ಈ ಎರಡೂ ಕುಟುಂಬಗಳ ಆಚೆಗಿನ ನಂಟಸ್ತಿಕೆ ಸ್ಕಿಂಕ್‌ಗಳೊಡನೆ. ಕರ್ನಾಟಕದ ಹಿತ್ತಿಲು, ತೋಟಗಳಲ್ಲಿ ತರಗೆಲೆಯ ಮೇಲೆ ಹೊಳೆಯುತ್ತ ಹರಿದುಹೋಗುವ ಹಾವುರಾಣಿ ಸ್ಕಿಂಕ್ ಕುಟುಂಬಕ್ಕೇ ಸೇರಿದ್ದು. ನುಣುಪಾದ ಹಾವುರಾಣಿಯ ಹುರುಪೆಗಳ ಅಡಿಯಲ್ಲೂ ತೆಳುವಾದ ಎಲುಬಿನ ಬಿಲ್ಲೆಗಳಿವೆ ಎಂಬುದು ಈ ದೂರದ ನಂಟಿನ ಗುರುತು. ರಾಜಸ್ಥಾನ ಮತ್ತು ಕಚ್ಛ್‌ನ ಮುಳ್ಳುಬಾಲದ ಹಲ್ಲಿಯನ್ನು ಮಾತ್ರ ಬಾಲದ ಹೋಲಿಕೆಯಿಂದ ಈ ಬಳಗಕ್ಕೆ ಸೇರಿಸಬಾರದು. ಅದು ಓತಿಕ್ಯಾತದ ಕುಟುಂಬದ್ದು; ಮುಳ್ಳಿನ ಬಾಲ ಅಲ್ಲಿ ಸ್ವತಂತ್ರವಾಗಿ ಮೂಡಿದೆ.

ಕಾರ್ಡಿಲಿಡೆಯ ಬಹುಪಾಲು ಪ್ರಭೇದಗಳು ಬಂಡೆವಾಸಿಗಳು. ಎಲ್ಲ ಬಂಡೆಯೂ ಅವಕ್ಕೆ ಆಗುವುದಿಲ್ಲ. ಕೇಪ್ ಪರ್ವತಶ್ರೇಣಿಯ ಮರಳುಗಲ್ಲು ಪದರಪದರವಾಗಿ ಸೀಳುವುದರಿಂದ ಅಡ್ಡ ಬಿರುಕುಗಳು ಹೇರಳ. ನಾಮಾಕ್ವಾಲ್ಯಾಂಡಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಹಗಲಿನ ಕಾವು, ಇರುಳಿನ ಚಳಿಗೆ ಸಿಪ್ಪೆ ಸುಲಿದಂತೆ ಎದ್ದು, ತೆಳು ಚಪ್ಪಡಿಗಳ ಅಡಿ ಸಂದು ಬಿಡುತ್ತವೆ. ಜಿಂಬಾಬ್ವೆಯ ಮಟೋಬೊ ಗುಡ್ಡಗಳೂ ಅಂಥವೇ. ಡ್ರಾಕೆನ್ಸ್‌ಬರ್ಗ್ ಶಿಖರಗಳಲ್ಲಿ ಅಗ್ನಿಶಿಲೆ. ಹಲ್ಲಿಯ ಮೈ ಎಷ್ಟು ದಪ್ಪವೋ ಬಿರುಕು ಅಷ್ಟೇ ಕಿರಿದಾಗಿರಬೇಕು. ಅಗಲವಾದ ಬಿರುಕಿನಲ್ಲಿ ಮೈ ಉಬ್ಬಿಸಿದರೂ ಹಿಡಿತ ಸಿಗದು, ಶತ್ರುವಿನ ಮೂತಿಯೂ ಒಳಬರುತ್ತದೆ. ಇಂಥ ಬಿರುಕುಗಳು ರೂಪುಗೊಳ್ಳಲು ಸಾವಿರಾರು ವರ್ಷ ಬೇಕು. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಮಣ್ಣಿನ ಬಯಲು ಅಡ್ಡ ಬಂದರೆ ಅದನ್ನು ದಾಟಿ ಹೋಗುವ ಹಲ್ಲಿಗಳು ವಿರಳ. ಹೀಗೆ ಗುಡ್ಡಗುಡ್ಡಗಳಲ್ಲಿ ಪ್ರತ್ಯೇಕವಾಗಿ ಉಳಿದ ಗುಂಪುಗಳು ಕಾಲಕ್ರಮೇಣ ಬೇರೆ ಬೇರೆ ಪ್ರಭೇದಗಳಾಗಿರುವುದೇ ಈ ಕುಟುಂಬದ ವೈವಿಧ್ಯಕ್ಕೆ ದೊಡ್ಡ ಕಾರಣ.

ಇವುಗಳ ನಡುವೆ ಅತ್ಯಂತ ಪ್ರಸಿದ್ಧವಾದದ್ದು ಊರೊಬೋರಸ್ ಕ್ಯಾಟಫ್ರಾಕ್ಟಸ್, ಅಂದರೆ ಆರ್ಮಡಿಲ್ಲೊ ಹಲ್ಲಿ. ದಕ್ಷಿಣ ಆಫ್ರಿಕದ ಪಶ್ಚಿಮ ಅಂಚಿನಲ್ಲಿ, ರಿಕ್ಟರ್ಸ್‌ವೆಲ್ಡ್‌ನ ದಕ್ಷಿಣ ಭಾಗದಿಂದ ಪಿಕೆಟ್‌ಬರ್ಗ್ ಬೆಟ್ಟಗಳವರೆಗೆ, ಒಳನಾಡಿನಲ್ಲಿ ಮಾಟ್ಜಿಸ್‌ಫಾಂಟೇನ್ ಊರಿನವರೆಗೆ ಇದರ ಹರವು. ಚಳಿಗಾಲದಲ್ಲಿ ಅಷ್ಟಿಷ್ಟು ಮಳೆ, ವಸಂತದಲ್ಲಿ ಕೆಲವು ವಾರ ನೆಲ ಮುಚ್ಚುವಷ್ಟು ಹೂವು, ಉಳಿದಂತೆ ದೀರ್ಘವಾದ ಒಣ ಬೇಸಿಗೆ ಇರುವ ಸೀಮೆ ಅದು. ಹಲ್ಲಿಯ ಗಾತ್ರ ಚಿಕ್ಕದು. ಮೂತಿಯಿಂದ ಬಾಲದ ಬುಡದವರೆಗೆ ಹತ್ತು ಸೆಂಟಿಮೀಟರ್ ದಾಟುವುದು ಅಪರೂಪ. ಒಣಹುಲ್ಲಿನ ಬಣ್ಣ, ಕತ್ತಿನ ಹಿಂದೆ ಮತ್ತು ಬಾಲದ ಉದ್ದಕ್ಕೂ ಗಡುಸಾದ ಮುಳ್ಳು. ಬಿರುಕಿನಿಂದ ದೂರದಲ್ಲಿ ಸಿಕ್ಕಿಬಿದ್ದಾಗ ಅದು ಮಾಡುವ ಕೆಲಸ ಹಲ್ಲಿಗಳಲ್ಲೇ ವಿಶಿಷ್ಟ. ಮಗ್ಗುಲಾಗಿ ಬಾಗಿ, ತನ್ನ ಬಾಲವನ್ನು ತಾನೇ ಬಾಯಲ್ಲಿ ಕಚ್ಚಿ, ಗಟ್ಟಿಯಾಗಿ ಹಿಡಿದು ಬಳೆಯಾಕಾರಕ್ಕೆ ಬಂದುಬಿಡುತ್ತದೆ. ಹೊಟ್ಟೆ ಒಳಸುತ್ತಿಗೆ ಸರಿಯುತ್ತದೆ, ಹೊರಗೆ ಮುಳ್ಳು ಮಾತ್ರ. ಕೈಗೆತ್ತಿಕೊಂಡರೂ ಕಚ್ಚಿದ ಬಾಲವನ್ನು ಬೇಗ ಬಿಡುವುದಿಲ್ಲ. ಚಿಪ್ಪುಹಂದಿಯೂ ಅಮೆರಿಕ ಖಂಡದ ಆರ್ಮಡಿಲ್ಲೊಗಳಲ್ಲಿ ಕೆಲವೂ ಮೈ ಸುತ್ತಿಕೊಂಡು ಉಂಡೆಯಾಗುತ್ತವೆ. ಬಾಲ ಕಚ್ಚಿ ಬೀಗ ಹಾಕಿಕೊಳ್ಳುವ ಕ್ರಮ ಈ ಹಲ್ಲಿಯದು.

ಬಿರುಕಿನಲ್ಲಿ ಬದುಕುವ ಪ್ರಾಣಿಗೆ ಬಯಲಿನ ರಕ್ಷಣೆಯ ಉಪಾಯ ಏಕೆ ಬೇಕಾಯಿತು? ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದ ಲೆ ಫ್ರಾಸ್ ಮೌಟನ್ ಮತ್ತು ಅವರ ಶಿಷ್ಯರು ಹಲವು ವರ್ಷ ಈ ಪ್ರಶ್ನೆಯನ್ನು ಬೆನ್ನಟ್ಟಿದರು. ಅವರು ಕಂಡುಕೊಂಡ ಉತ್ತರದ ಕೇಂದ್ರದಲ್ಲಿರುವುದು ಗೆದ್ದಲು. ನಾಮಾಕ್ವಾಲ್ಯಾಂಡಿನಲ್ಲಿ ಮೈಕ್ರೊಹೊಡೊಟರ್ಮಿಸ್ ವಿಯೇಟರ್ ಎಂಬ ಗೆದ್ದಲು ಹಗಲಿನಲ್ಲೇ ನೆಲದ ಮೇಲೆ ಬಂದು ಕಡ್ಡಿಗಳನ್ನು ಕತ್ತರಿಸಿ ಒಯ್ಯುತ್ತದೆ. ಗೆದ್ದಲು ಹೊರಬರುವ ಕಿಂಡಿಗಳು ಬಂಡೆಯಿಂದ ಹಲವು ಮೀಟರ್ ದೂರ. ಗೆದ್ದಲು ಸಿಕ್ಕರೆ ಒಂದೇ ಸಲಕ್ಕೆ ಹೊಟ್ಟೆ ತುಂಬುವಷ್ಟು ಆಹಾರ. ಆದರೆ ಅದನ್ನು ತಿನ್ನಲು ಹಲ್ಲಿ ಬಿರುಕು ಬಿಟ್ಟು ಬಯಲಿಗೆ ಬರಬೇಕು. ಅಲ್ಲಿ ಮುಂಗುಸಿಗಳ, ಹದ್ದು ಗಿಡುಗಗಳ ಭಯ. ಓಡಿ ತಪ್ಪಿಸಿಕೊಳ್ಳುವಷ್ಟು ವೇಗ ಇದಕ್ಕಿಲ್ಲ. ದಪ್ಪ ಕವಚ, ಬಾಲ ಕಚ್ಚುವ ಪಟ್ಟು ಎರಡೂ ಈ ಬಯಲು ಪಯಣಕ್ಕಾಗಿ ರೂಪುಗೊಂಡವು ಎಂಬುದು ಮೌಟನ್ ಅವರ ವಾದ. ಈ ಹಲ್ಲಿಯ ಬಗ್ಗೆ ಬಂದಿರುವ ವಿವರಣೆಗಳಲ್ಲಿ ಇದು ಹೆಚ್ಚು ಸಮರ್ಪಕವಾದದ್ದು. ಏಕೆಂದರೆ ಕವಚ, ಆಹಾರ, ಗುಂಪು ಬಾಳ್ವೆ ಎಂಬ ಮೂರು ಬಿಡಿ ಸಂಗತಿಗಳನ್ನು ಅದು ಒಂದೇ ಎಳೆಯಲ್ಲಿ ಪೋಣಿಸುತ್ತದೆ.

ಗುಂಪು ಬಾಳ್ವೆಯೇ ಇದರ ಇನ್ನೊಂದು ವಿಶೇಷ. ಕಾರ್ಡಿಲಿಡೆಯ ಗಂಡುಗಳು ಸಾಮಾನ್ಯವಾಗಿ ತಮ್ಮ ಬಿರುಕಿನ ಸುತ್ತಲ ಜಾಗಕ್ಕೆ ಬೇರೆ ಗಂಡನ್ನು ಬಿಟ್ಟುಕೊಳ್ಳುವುದಿಲ್ಲ. ಆರ್ಮಡಿಲ್ಲೊ ಹಲ್ಲಿಗಳು ಮಾತ್ರ ಗಂಡು, ಹೆಣ್ಣು, ಮರಿಗಳೆಲ್ಲ ಸೇರಿ ಒಂದೇ ಬಿರುಕಿನಲ್ಲಿ ಇರುತ್ತವೆ. ಹೆಚ್ಚಿನ ಗುಂಪುಗಳಲ್ಲಿ ನಾಲ್ಕಾರು ಹಲ್ಲಿಗಳು. ಅಪರೂಪಕ್ಕೆ ಮೂವತ್ತನ್ನೂ ಮೀರಿದ ಗುಂಪುಗಳಿವೆ. ಬಿರುಕಿನ ಎದುರು ಆಹಾರಕ್ಕೆ ಪೈಪೋಟಿ ಏರಿದಷ್ಟೂ ದೂರದ ಗೆದ್ದಲಿನ ಕಿಂಡಿಗಳ ಆಸರೆ ಮುಖ್ಯವಾಗುತ್ತದೆ. ದೊಡ್ಡ ಗುಂಪಿನ ಹಲ್ಲಿಗಳು ಗೆದ್ದಲನ್ನು ಹೆಚ್ಚು ತಿನ್ನುತ್ತವೆ ಎಂಬುದು ಅಧ್ಯಯನಗಳಿಂದ ತಿಳಿದಿದೆ. ವಸಂತದ ಹೂವಿನ ಕಾಲದಲ್ಲಿ ಕೀಟಗಳು ಹೇರಳ, ಆಗ ಎಲ್ಲಕ್ಕೂ ಹೊಟ್ಟೆ ತುಂಬ ಊಟ. ಬೇಸಿಗೆ ಬಂತೆಂದರೆ ಹಲ್ಲಿಗಳು ಬಿರುಕಿನೊಳಗೆ ಸೇರಿ ಚಟುವಟಿಕೆಯನ್ನು ತೀರ ಇಳಿಸಿಬಿಡುತ್ತವೆ. ಹೆಣ್ಣು ಬೇಸಿಗೆಯ ಕೊನೆಗೆ ಒಂದೇ ಮರಿ ಹಾಕುತ್ತದೆ, ಎರಡಾದರೆ ಅದೃಷ್ಟ. ವರ್ಷಕ್ಕೆ ಒಂದು ಮರಿ ಎಂಬುದು ಹಲ್ಲಿಗಳ ಲೆಕ್ಕದಲ್ಲಿ ಬಹಳ ಕಡಿಮೆ. ಕವಚದಿಂದಾಗಿ ದೊಡ್ಡ ಹಲ್ಲಿಗಳ ಸಾವು ಕಡಿಮೆಯಿದ್ದಾಗ ಈ ಲೆಕ್ಕ ಸರಿಹೋಗುತ್ತದೆ. ಹೊರಗಿನಿಂದ ಬಂದವರು ಒಂದು ಬಿರುಕನ್ನೇ ಬರಿದು ಮಾಡಿದರೆ ಆ ನಷ್ಟ ಹತ್ತಾರು ವರ್ಷವಾದರೂ ತುಂಬುವುದಿಲ್ಲ.

ಕೇಪ್ ಪರ್ಯಾಯದ್ವೀಪದ ಕಾರ್ಡಿಲಸ್ ನೈಗರ್ ಸಂಪೂರ್ಣ ಕಪ್ಪು. ದಕ್ಷಿಣ ಕರಾವಳಿಯ ನಿನುರ್ಟ ಕೂಡ ಕಡುಬಣ್ಣದ್ದೇ, ಮೇಲೆ ನೀಲಿ ಚುಕ್ಕೆಗಳು. ಇಂಥ ಕಪ್ಪು ಹಲ್ಲಿಗಳ ನೆಲೆಗಳನ್ನು ನಕ್ಷೆಯಲ್ಲಿ ಗುರುತು ಹಾಕಿದರೆ ಅವು ಮಂಜು, ಮೋಡ ಕವಿಯುವ ಕಡಲಂಚು ಮತ್ತು ಎತ್ತರದ ಬೆಟ್ಟಗಳ ಮೇಲೇ ಬೀಳುತ್ತವೆ. ಅಟ್ಲಾಂಟಿಕ್ ಬದಿಯಲ್ಲಿ ಬೆಂಗ್ವೆಲಾ ಎಂಬ ತಣ್ಣನೆಯ ಸಾಗರಪ್ರವಾಹ ಹರಿಯುವುದರಿಂದ ತೀರದಲ್ಲಿ ಮಂಜು ಸಾಮಾನ್ಯ. ಬಿಸಿಲು ಕಡಿಮೆ ಸಿಗುವಲ್ಲಿ ಕಪ್ಪು ಮೈ ಬೇಗ ಕಾಯುತ್ತದೆ. ಹವೆ ಇಂದಿಗಿಂತ ತಂಪಾಗಿದ್ದ ಕಾಲದಲ್ಲಿ ಕಪ್ಪು ಹಲ್ಲಿಗಳು ಹೆಚ್ಚು ಹರಡಿದ್ದು, ಬಿಸಿಲೇರಿದಂತೆ ಈ ತಂಪಿನ ತಾಣಗಳಲ್ಲಿ ಮಾತ್ರ ಉಳಿದವು ಎಂಬ ಊಹೆಗೆ ಬಲವಿದೆ. ಸೊಮರ್ಸೆಟ್ ವೆಸ್ಟ್‌ನ ಮೇಲಿರುವ ಹಾಟೆಂಟಾಟ್ಸ್ ಹಾಲೆಂಡ್ ಬೆಟ್ಟಗಳ ಹೆಮಿಕಾರ್ಡಿಲಸ್ ನೆಬ್ಯುಲೋಸಸ್ ಇದಕ್ಕೆ ಇನ್ನಷ್ಟು ಸ್ಪಷ್ಟ ಉದಾಹರಣೆ. 1995ರಲ್ಲಿ ವಿವರಿಸಲಾದ ಈ ಪುಟ್ಟ ಕಪ್ಪು ಹಲ್ಲಿ ಮೋಡ ಮುಸುಕುವ ಕೆಲವೇ ಶಿಖರಗಳಿಗೆ ಸೀಮಿತ. ಹವಾಮಾನ ಬಿಸಿಯಾದರೆ ಅದಕ್ಕೆ ಏರಿಹೋಗಲು ಮೇಲೆ ಜಾಗವಿಲ್ಲ.

ಸೂಡೋಕಾರ್ಡಿಲಸ್ ಜಾತಿಯವು ಕಡಿದಾದ ಬಂಡೆಗಳ ಹಲ್ಲಿಗಳು. ಮೈಯ ಕವಚ ಹಗುರ, ಗಾತ್ರ ದೊಡ್ಡದು, ಗಂಡುಗಳ ಮಗ್ಗುಲಲ್ಲಿ ಹಳದಿ ಕಿತ್ತಳೆಯ ಮೆರುಗು. ಇವುಗಳಲ್ಲಿ ಸೂಡೋಕಾರ್ಡಿಲಸ್ ಲಾಂಗಿ ಡ್ರಾಕೆನ್ಸ್‌ಬರ್ಗ್ ಶ್ರೇಣಿಯಲ್ಲಿ ಸುಮಾರು 3,000 ಮೀಟರ್ ಎತ್ತರದಲ್ಲಿ, ಹಿಮ ಬೀಳುವ ನೆತ್ತಿಯ ಮೇಲೆ ಬದುಕುತ್ತದೆ. ಮರಿ ಹಾಕುವ ಕ್ರಮದ ಲಾಭ ಇಂಥಲ್ಲಿ ಕಾಣುತ್ತದೆ. ತಣ್ಣನೆಯ ಮಣ್ಣಿನಲ್ಲಿ ಮೊಟ್ಟೆ ಕೆಟ್ಟುಹೋಗಬಹುದು. ಗರ್ಭ ಹೊತ್ತ ತಾಯಿಯಾದರೆ ಬಿಸಿಲಿದ್ದ ಕಡೆ ಹೋಗಿ ಮೈ ಕಾಯಿಸಿಕೊಳ್ಳುತ್ತದೆ.

ಪ್ಲಾಟಿಸಾರಸ್, ಅಂದರೆ ಚಪ್ಪಟೆ ಹಲ್ಲಿಗಳು, ಇದೇ ಬಿರುಕಿನ ಸಮಸ್ಯೆಗೆ ಬೇರೆಯೇ ಉತ್ತರ ಕಂಡುಕೊಂಡಿವೆ. ಬೆನ್ನಿನ ಮೇಲೆ ದಪ್ಪ ಬಿಲ್ಲೆಗಳ ಬದಲು ಸಣ್ಣ ಮಣಿಗಳಂಥ ಹುರುಪೆ. ಇಡೀ ಮೈ ಎಷ್ಟು ಚಪ್ಪಟೆಯೆಂದರೆ ಬೇರೆ ಯಾವ ಪ್ರಾಣಿಯೂ ನುಸುಳಲಾಗದ ಸಂದಿನಲ್ಲಿ ಅವು ಸರಾಗವಾಗಿ ಸರಿದುಹೋಗುತ್ತವೆ. ಕವಚದ ಹೊರೆ ಇಲ್ಲದ್ದರಿಂದ ಓಟ ಬಲು ಚುರುಕು. ಹೆಣ್ಣು ಮತ್ತು ಎಳೆಯವು ಕಪ್ಪು ಮೈಮೇಲೆ ಮಾಸಲು ಗೆರೆ ಹೊತ್ತವು. ಬೆಳೆದ ಗಂಡುಗಳಲ್ಲಿ ನೀಲಿ, ಹಸಿರು, ಕೆಂಪು, ಕಿತ್ತಳೆ ಬಣ್ಣಗಳ ಮೇಳ. ಹೆಣ್ಣು ಬಂಡೆಯ ಸಂದಿನಲ್ಲಿ ಒಂದು ಸಲಕ್ಕೆ ಎರಡೇ ಮೊಟ್ಟೆಯಿಡುತ್ತದೆ. ಕರ್ನಾಟಕದಲ್ಲಿ ರಾಮನಗರ, ಹಂಪಿ, ಕೋಲಾರದ ಗ್ರಾನೈಟ್ ಬಂಡೆಗಳ ಮೇಲೆ ಮಳೆಗಾಲದ ಆಸುಪಾಸು ಕೆಂಪು ಕಪ್ಪು ಬಣ್ಣ ತಳೆಯುವ ಗಂಡು ಬಂಡೆ ಓತಿಯನ್ನು ನೋಡಿದವರಿಗೆ ಈ ದೃಶ್ಯದ ಅಂದಾಜು ಸಿಗುತ್ತದೆ. ಕುಟುಂಬ ಬೇರೆ, ಖಂಡ ಬೇರೆ. ಬಿಸಿಲು ಬಂಡೆಯ ಮೇಲೆ ಗಂಡುಗಳು ಎತ್ತರದ ಜಾಗ ಹಿಡಿದು ಬಣ್ಣ ಮೆರೆಸುವ ಬಾಳು ಎರಡಕ್ಕೂ ಒಂದೇ.

ಚಪ್ಪಟೆ ಹಲ್ಲಿಗಳನ್ನು ಕಣ್ತುಂಬ ನೋಡಲು ಆರೆಂಜ್ ನದಿಯ ಆಗ್ರಬೀಸ್ ಜಲಪಾತಕ್ಕಿಂತ ಒಳ್ಳೆಯ ಜಾಗವಿಲ್ಲ. 1966ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಒಣನಾಡಿನಲ್ಲಿ ನದಿ ನೈಸ್ ಶಿಲೆಯ ಕೊರಕಲಿಗೆ ಧುಮುಕುತ್ತದೆ. ಜಲಪಾತದ ಅಂಚಿನ ಬಂಡೆಗಳ ಮೇಲೆ ಪ್ಲಾಟಿಸಾರಸ್ ಬ್ರಾಡ್ಲಿ ಹಲ್ಲಿಗಳು ನೂರಾರು ಸಂಖ್ಯೆಯಲ್ಲಿ ಸೇರುತ್ತವೆ. ಒಂದೊಂದು ಹಲ್ಲಿಗೂ ಒಂದೊಂದು ಬಿರುಕು ಬೇಕೆನ್ನುವ ಕುಟುಂಬದಲ್ಲಿ ಇಷ್ಟು ದಟ್ಟಣೆ ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಉತ್ತರ ನೀರಿನಲ್ಲಿದೆ. ರಭಸದ ನೀರಿನಲ್ಲಿ ಮರಿಹುಳುಗಳಾಗಿ ಬೆಳೆಯುವ ಕರಿನೊಣಗಳು ಮೋಡಮೋಡವಾಗಿ ಮೇಲೇಳುತ್ತವೆ; ಹಲ್ಲಿಗಳು ಬಂಡೆಯಿಂದ ಗಾಳಿಗೆ ನೆಗೆದು, ಮೈ ತಿರುಚಿ ನೊಣ ಹಿಡಿದು ಮತ್ತೆ ಬಂಡೆಯ ಮೇಲೆ ಇಳಿಯುತ್ತವೆ. ಅಲ್ಲೇ ಬಂಡೆಗೆ ಬೇರು ಹಬ್ಬಿಸಿರುವ ನಾಮಾಕ್ವಾ ಅತ್ತಿಯ ಹಣ್ಣುಗಳೂ ಅವಕ್ಕೆ ಇಷ್ಟ. ಮರದ ಮೇಲೆ ಹಕ್ಕಿಗಳು ಗುಂಪುಗೂಡಿದ್ದನ್ನು ನೋಡಿಯೇ ಹಣ್ಣಾಗಿರುವ ಮರವನ್ನು ಹಲ್ಲಿಗಳು ಪತ್ತೆ ಮಾಡುತ್ತವೆ ಎಂದು ಸಂಶೋಧಕರು ತೋರಿಸಿದ್ದಾರೆ. ಗಂಡುಗಳ ಗಂಟಲಿನಲ್ಲಿ ಮನುಷ್ಯನ ಕಣ್ಣಿಗೆ ಕಾಣದ ಅತಿನೇರಳೆ ಹೊಳಪಿದೆ. ಎದುರಾಳಿಯ ಬಲವನ್ನು ಅದರಿಂದಲೇ ಅಳೆದುಕೊಂಡು, ಸಾಧ್ಯವಾದಷ್ಟೂ ಕಾದಾಡದೆ ಹಿಂದೆ ಸರಿಯುತ್ತವೆ. ಕೆಲವು ಎಳೆಯ ಗಂಡುಗಳು ಹೆಣ್ಣಿನ ಬಣ್ಣವನ್ನೇ ಉಳಿಸಿಕೊಂಡು ದೊಡ್ಡ ಗಂಡುಗಳ ಜಾಗದಲ್ಲಿ ನಿರಾತಂಕವಾಗಿ ಓಡಾಡುತ್ತವೆ. ಈ ಪ್ರಭೇದವನ್ನು ಪ್ರತ್ಯೇಕವೆಂದು ಗುರುತಿಸಿದ್ದು 1997ರಲ್ಲಷ್ಟೇ. 2015ರಲ್ಲಿ ಇದರ ಹತ್ತಿರದ ಇನ್ನೊಂದು ಪ್ರಭೇದಕ್ಕೆ ನಿಸರ್ಗ ಚಿತ್ರಗಳ ಡೇವಿಡ್ ಅಟೆನ್‌ಬರೋ ಅವರ ಹೆಸರಿಡಲಾಯಿತು.

ಬಂಡೆ ಬಿಟ್ಟು ಬಂದ ಪ್ರಭೇದಗಳೂ ಇವೆ. ಪೂರ್ವ ಆಫ್ರಿಕದ ಕಾರ್ಡಿಲಸ್ ಟ್ರೊಪಿಡೊಸ್ಟರ್ನಮ್ ಸತ್ತ ಮರಗಳ ಸಡಿಲ ತೊಗಟೆಯ ಅಡಿಯಲ್ಲಿ, ಪೊಟರೆಗಳಲ್ಲಿ ಇರುತ್ತದೆ. ಬಿರುಕಿನ ಕೆಲಸವನ್ನು ಅಲ್ಲಿ ತೊಗಟೆ ಮಾಡುತ್ತದೆ. ದಕ್ಷಿಣ ಆಫ್ರಿಕದ ಪಶ್ಚಿಮ ಕರಾವಳಿಯ ಮರಳಿನಲ್ಲಿರುವ ಕಾರ್ಡಿಲಸ್ ಮ್ಯಾಕ್ರೊಫೋಲಿಸ್‌ಗೆ ಬಂಡೆಯೂ ಇಲ್ಲ, ಮರವೂ ಇಲ್ಲ. ನೆಲಕ್ಕೆ ಅಂಟಿ ಹತ್ತಾರು ರೆಂಬೆಗಳನ್ನು ಸುತ್ತಲೂ ಚಾಚುವ ಒಂದು ಬಗೆಯ ಕಳ್ಳಿಗಿಡದ ಒಡಲೇ ಅದರ ಮನೆ. ಕಳ್ಳಿಯ ಹಾಲಿಗೆ ಹೆದರಿ ಪ್ರಾಣಿಗಳು ಗಿಡಕ್ಕೆ ಬಾಯಿ ಹಾಕುವುದು ಕಡಿಮೆಯಾದ್ದರಿಂದ ಹಲ್ಲಿಗೆ ಅದೊಂದು ಭದ್ರವಾದ ಕೋಟೆ.

ಹುಲ್ಲಿಗೆ ಇಳಿದ ಕಮೀಸಾರದ ಕಥೆ ಎಲ್ಲಕ್ಕಿಂತ ವಿಚಿತ್ರ. ಮೊದಲ ನೋಟಕ್ಕೆ ಇದು ಹಾವೇ. ಮೈ ಸಪೂರ, ಬಾಲ ಮೈಯ ಮೂರು ಪಟ್ಟಿನಷ್ಟು ಉದ್ದ. ಕಮೀಸಾರ ಈನಿಯ ಎಂಬ ಪ್ರಭೇದದಲ್ಲಿ ಪುಟ್ಟದಾದರೂ ನಾಲ್ಕು ಕಾಲುಗಳು, ಬೆರಳುಗಳು ಇವೆ. ಕಮೀಸಾರ ಆಂಗ್ವಿನದಲ್ಲಿ ಕಾಲುಗಳು ಒಂದೆರಡು ಬೆರಳಿನ ಮೊಟಕು ಕಡ್ಡಿಗಳು. ಕಮೀಸಾರ ಮ್ಯಾಕ್ರೊಲೆಪಿಸ್‌ನಲ್ಲಿ ಮುಂಗಾಲು ಇಲ್ಲವೇ ಇಲ್ಲ. ಕಾಲು ಕರಗಿಹೋಗುವ ಹಂತಗಳನ್ನು ಒಂದೇ ಜಾತಿಯಲ್ಲಿ ಹೀಗೆ ಸಾಲಾಗಿ ಕಾಣುವುದು ವಿಕಾಸ ಶಾಸ್ತ್ರದ ವಿದ್ಯಾರ್ಥಿಗೆ ದೊಡ್ಡ ಪಾಠ. ದಟ್ಟ ಹುಲ್ಲಿನ ನಡುವೆ ಈಜುವಂತೆ ಸಾಗುವ ಈ ಹಲ್ಲಿಗೆ ಗಡುಸು ಕವಚ ಅಡ್ಡಿಯೇ ಹೊರತು ನೆರವಲ್ಲ. ಅದು ಬಹುಮಟ್ಟಿಗೆ ಕಳಚಿದೆ. ಹುಲ್ಲುಗಾವಲಿಗೆ ಬೆಂಕಿ ಬಿದ್ದಾಗ ಅವಿತುಕೊಳ್ಳಲು ಬಿರುಕಿಲ್ಲದೆ ಅಪಾರ ಸಂಖ್ಯೆಯಲ್ಲಿ ಸಾಯುತ್ತವೆ. ಕುಟುಂಬದ ಉಳಿದ ಮರಿಹಾಕುವ ಪ್ರಭೇದಗಳು ಕೆಲವೇ ಮರಿಗಳಿಗೆ ತೃಪ್ತಿಪಟ್ಟರೆ ಇವು ಒಮ್ಮೆಗೆ ಹತ್ತಕ್ಕೂ ಮೀರಿ ಮರಿ ಹಾಕುವುದುಂಟು. ಕವಚ ಕಳೆದುಕೊಂಡದ್ದಕ್ಕೆ ಸಂತಾನದ ಲೆಕ್ಕದಲ್ಲಿ ತೆತ್ತ ಬೆಲೆ ಅದು.

ಹುಲ್ಲುಗಾವಲಿಗೆ ಬಂದೂ ಕವಚ ಬಿಡದ ಹಲ್ಲಿ ಒಂದಿದೆ. ಸ್ಮಾಗ್ ಜೈಗ್ಯಾಂಟಿಯಸ್ ಈ ಕುಟುಂಬದ ಅತ್ಯಂತ ದೊಡ್ಡ ಸದಸ್ಯ, ಬಾಲವೂ ಸೇರಿ ಸುಮಾರು 40 ಸೆಂಟಿಮೀಟರ್. ತಲೆಯ ಹಿಂದೆ ಕೊಂಬಿನಂಥ ನಾಲ್ಕು ದೊಡ್ಡ ಮುಳ್ಳುಗಳು. 1844ರಲ್ಲಿ ಆಂಡ್ರ್ಯೂ ಸ್ಮಿತ್ ಇದನ್ನು ಮೊದಲು ವಿವರಿಸಿದ. 2011ರ ಪರಿಷ್ಕರಣೆಯಲ್ಲಿ ಜಾತಿಗೆ ಕೊಟ್ಟ ಸ್ಮಾಗ್ ಎಂಬ ಹೆಸರು ಟೋಲ್ಕಿನ್ ಕಾದಂಬರಿಯ ಡ್ರ್ಯಾಗನ್‌ನದು. ಟೋಲ್ಕಿನ್ 1892ರಲ್ಲಿ ಹುಟ್ಟಿದ ಬ್ಲೂಮ್‌ಫಾಂಟೇನ್ ಈ ಹಲ್ಲಿಯ ನೆಲೆಯಾದ ಫ್ರೀ ಸ್ಟೇಟ್ ಪ್ರಾಂತದಲ್ಲೇ ಇದೆ. ಫ್ರೀ ಸ್ಟೇಟ್‌ನ ಜೊತೆಗೆ ಎಂಪುಮಲಾಂಗ ಪ್ರಾಂತದ ಎತ್ತರದ ಹುಲ್ಲುಬಯಲಿನಲ್ಲೂ ಇದು ಇದೆ, ಬೇರೆಲ್ಲೂ ಇಲ್ಲ. ಬಂಡೆಯಿಲ್ಲದ ಆ ಬಯಲಿನಲ್ಲಿ ತನ್ನ ಬಿರುಕನ್ನು ತಾನೇ ತೋಡಿಕೊಳ್ಳುತ್ತದೆ: ಸುಮಾರು ಎರಡು ಮೀಟರ್ ಉದ್ದದ, ಅರ್ಧ ಮೀಟರಿಗೆ ಹತ್ತಿರದ ಆಳದ ಓರೆ ಬಿಲ. ಒಂದು ಬಿಲಕ್ಕೆ ಸಾಮಾನ್ಯವಾಗಿ ಒಂದೇ ದೊಡ್ಡ ಹಲ್ಲಿ. ಕೆಲವೊಮ್ಮೆ ತಾಯಿಯ ಜೊತೆ ಮರಿ. ಬಿಸಿಲೇರಿದಾಗ ಬಿಲದ ಬಾಯಲ್ಲಿ ಮುಂಗಾಲೂರಿ, ತಲೆಯೆತ್ತಿ, ಸೂರ್ಯನ ಕಡೆ ಮುಖಮಾಡಿ ಬಹಳ ಹೊತ್ತು ಕದಲದೆ ನಿಲ್ಲುತ್ತದೆ. ಇಂಗ್ಲಿಷ್ ಬಲ್ಲವರು ಇದನ್ನು ಸನ್‌ಗೇಜರ್ ಎಂದು ಕರೆಯುವುದು ಅದಕ್ಕೇ. ಆಫ್ರಿಕಾನ್ಸ್ ಆಡುವ ರೈತರ ಬಾಯಲ್ಲಿ ಇದು ‘ಔಫಾಲ್ಕ್’, ಹಿರಿಯರು. ಶತ್ರು ಬಂದರೆ ಬಿಲಕ್ಕೆ ನುಗ್ಗಿ ಮುಳ್ಳಿನ ಬಾಲವನ್ನು ಬೀಸುತ್ತದೆ. ಹಿಡಿದೆಳೆದರೆ ತಲೆಯ ಮುಳ್ಳುಗಳನ್ನು ಬಿಲದ ಚಾವಣಿಗೆ ನಾಟಿ ಅಲ್ಲೇ ಕಚ್ಚಿ ನಿಲ್ಲುತ್ತದೆ. ಚಳಿಗಾಲದಲ್ಲಿ ಆ ಬಯಲು ಹಿಮಗಟ್ಟುತ್ತದೆ, ಆಗ ತಿಂಗಳುಗಟ್ಟಲೆ ಹೊರಗೆ ಬರುವುದಿಲ್ಲ. ಹೆಣ್ಣು ಎರಡು ಮೂರು ವರ್ಷಕ್ಕೊಮ್ಮೆ ಒಂದೆರಡು ಮರಿ ಹಾಕುತ್ತದೆ.

ನೇಗಿಲಿನ ಎದುರು ಈ ವ್ಯವಸ್ಥೆಯೆಲ್ಲ ವ್ಯರ್ಥ. ಬಿಲ ತೋಡಲು ಯೋಗ್ಯವಾದ ಆಳ ಮಣ್ಣೇ ಮೆಕ್ಕೆಜೋಳಕ್ಕೂ ಯೋಗ್ಯ. ಒಮ್ಮೆ ಉತ್ತ ಹೊಲಕ್ಕೆ, ಬೇಸಾಯ ನಿಲ್ಲಿಸಿ ಹುಲ್ಲು ಮರಳಿ ಬೆಳೆದರೂ, ಈ ಹಲ್ಲಿಗಳು ಹಿಂದಿರುಗುವುದಿಲ್ಲ. ಎಂಪುಮಲಾಂಗದಲ್ಲಿ ಕಲ್ಲಿದ್ದಲ ಗಣಿಗಳು ನೆಲವನ್ನೇ ಅಗೆದುಹಾಕುತ್ತವೆ. ನಾಟಿ ಔಷಧ ಮಾರುವವರೂ ಇದನ್ನು ಹಿಡಿಯುತ್ತಾರೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿ ಇದನ್ನು ಅಪಾಯಕ್ಕೆ ಈಡಾಗಬಲ್ಲ ಪ್ರಭೇದವೆಂದು ಗುರುತಿಸಿದೆ. ನೆಲ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಬಂಧು ಗೆರೊಸಾರಿಡೆಯಲ್ಲಿ ಸಾಕ್ಷಿಯಿದೆ. ಲಿಂಪೋಪೊ ಪ್ರಾಂತದ ಹುಲ್ಲುಗಾವಲಿನಲ್ಲಿದ್ದ ಟೆಟ್ರಡ್ಯಾಕ್ಟಿಲಸ್ ಈಸ್ಟ್‌ವುಡೆ ಎಂಬ ಹಲ್ಲಿಯ ನೆಲೆಯನ್ನು ಪೈನ್ ನೆಡುತೋಪುಗಳು ಆಕ್ರಮಿಸಿದವು. ಇಂದು ಅದರ ಹೆಸರು ಅಳಿದುಹೋದವುಗಳ ಪಟ್ಟಿಯಲ್ಲಿದೆ.

ಎರಡನೆಯ ಅಪಾಯ ಕಳ್ಳಸಾಗಣೆ. ಡ್ರ್ಯಾಗನ್ ಹೋಲುವ ರೂಪ, ಬಾಲ ಕಚ್ಚುವ ಪಟ್ಟು ಇವುಗಳಿಂದಾಗಿ ಯುರೋಪ್, ಅಮೆರಿಕ, ಜಪಾನುಗಳ ಸಾಕುಪ್ರಾಣಿ ಮಾರುಕಟ್ಟೆಯಲ್ಲಿ ಆರ್ಮಡಿಲ್ಲೊ ಹಲ್ಲಿಗೂ ಸನ್‌ಗೇಜರ್‌ಗೂ ದೊಡ್ಡ ಬೆಲೆ. ಬಿರುಕಿನೊಳಗೆ ಉಬ್ಬಿ ಕುಳಿತ ಹಲ್ಲಿಯನ್ನು ಕೈಯಿಂದ ಎಳೆಯಲಾಗದು. ಹಾಗಾಗಿ ಕಳ್ಳರು ಹಾರೆ ಹಾಕಿ ಚಪ್ಪಡಿಯನ್ನೇ ಮೀಟುತ್ತಾರೆ. ಇಡೀ ಗುಂಪು ಒಂದೇ ಏಟಿಗೆ ಕೈಸೇರುತ್ತದೆ, ಸಾವಿರಾರು ವರ್ಷದ ಬಿರುಕು ಮತ್ತೆ ಯಾವ ಹಲ್ಲಿಗೂ ಒದಗದ ಹಾಗೆ ಒಡೆದುಹೋಗುತ್ತದೆ. ಸನ್‌ಗೇಜರ್ ಸೆರೆಯಲ್ಲಿ ಮರಿ ಹಾಕುವುದು ತೀರ ಅಪರೂಪವಾದ್ದರಿಂದ ‘ಸೆರೆಯಲ್ಲಿ ಹುಟ್ಟಿದ್ದು’ ಎಂಬ ಕಾಗದದೊಡನೆ ಮಾರಾಟಕ್ಕೆ ಬರುವ ಹಲ್ಲಿಯನ್ನು ನಂಬುವುದು ಕಷ್ಟ. ಕಾರ್ಡಿಲಸ್ ಬಳಗ 1981ರಿಂದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಅದರಿಂದ ಒಡೆದು ಹೊಸ ಹೆಸರು ಪಡೆದ ಜಾತಿಗಳಿಗೂ ಅದು ಅನ್ವಯಿಸುತ್ತದೆ. ಪರವಾನಗಿ ಇಲ್ಲದೆ ಇವುಗಳನ್ನು ಗಡಿ ದಾಟಿಸುವಂತಿಲ್ಲ. ಒಪ್ಪಂದದ ಕೈ ಗಡಿಯಲ್ಲಿ ನಿಲ್ಲುತ್ತದೆ, ಹೊಲದ ನೇಗಿಲಿಗೂ ಗಣಿಗೂ ಅದು ಅನ್ವಯಿಸದು. ಅದಕ್ಕೆ ಬೇಕಾದದ್ದು ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಉಳಿಸಿಕೊಳ್ಳುವ ರೈತರು. ಸನ್‌ಗೇಜರ್‌ಗಳ ಬಹುಪಾಲು ಬಿಲಗಳು ಇರುವುದು ಖಾಸಗಿ ಜಮೀನಿನಲ್ಲೇ.

ಭಾರತ 1976ರಿಂದ ಸೈಟಿಸ್ ಸದಸ್ಯ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದು, ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿಗಳಿಗೆ ನಾಲ್ಕನೆಯ ಅನುಸೂಚಿಯನ್ನು ಮೀಸಲಿಟ್ಟಿತು. ಅಂಥ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ನೋಂದಾಯಿಸಬೇಕೆಂಬ ನಿಯಮಗಳು 2024ರಲ್ಲಿ ಹೊರಬಂದಿವೆ. ಬೆಂಗಳೂರಿನ ಅಂಗಡಿಯಲ್ಲಾಗಲಿ ಮೊಬೈಲಿನ ಜಾಹೀರಾತಿನಲ್ಲಾಗಲಿ ಮುಳ್ಳುಬಾಲದ ಆಫ್ರಿಕದ ಹಲ್ಲಿ ಮಾರಾಟಕ್ಕೆ ಕಂಡರೆ ಅದನ್ನು ಕೊಳ್ಳಬಾರದು, ಅರಣ್ಯ ಇಲಾಖೆಗೆ ತಿಳಿಸಬೇಕು.